ರವಿವಾರ, ಕ್ಯಾಂಪಿನ ತ್ವಾಟಗಳು

ಬರ್ರಿ, ಹತ್ತಿರ ಬರ್ರಿ.
ಬಿಸಲು ಏರೂದರಾಗ ಮೂರು ತ್ವಾಟ ಮುಗಸೋಣು.
ತಲಿಗೆ ನೂರೈವತ್ತು, ಚಾ ಬಿಸ್ಕಿಟು ಅದರಾಗಽ ಬಂತು.
ಹದಿನಾಲ್ಕು ಮಂದಿ, ಹದಿನಾಲ್ಕು ನೀರಿನ ಬಾಟಲಿ,
ಒಂದಿಬ್ಬರ ಕಿವಿ ಹಿಂದ ಇನ್ನೂ
ರಂಗಪಂಚಮಿ ಬಣ್ಣ.
ಎರಡಽ ನಿಯಮ: ಲೈನು ಬಿಡಬಾರದು,
ಏನೂ ಹರಿಯಬಾರದು. ಒಂದು ಎಲಿ ಸೈತ.

ಇದು ಬೆಳಗಾವಿ ಕ್ಯಾಂಪಿನ ಒಂಬತ್ತನೇ ನಂಬರ್ ಬಂಗ್ಲೆ.
ಹೆಂಚು ಮಂಗಳೂರಿಂದು, ಗುಲಾಬಿ ವಿಲಾಯತಿದು,
ಮಣ್ಣು ಮಾತ್ರ ಇಲ್ಲಿದಽ, ಕೆಂಪು,
ಹಿಡದ್ರ ಬೂಟು ಬಿಡೂದಿಲ್ಲ.
ನನ್ನ ಕೈಯಾಗಿನ ಹಾಳಿ ಹೇಳತೈತಿ:
ಮೇಜರ್ ಸಾಹೇಬರ ಮಡದಿ ಈ ತ್ವಾಟ ಮಾಡಿಸಿದರು
ತಮ್ಮೂರ ವಸಂತ ನೆನಪಾಗಿ.
ಅವರೂರಾಗ ವಸಂತ ಅಂದ್ರ
ಹಿಮ ಕರಗಿ ಮಣ್ಣು ಉಸುರು ಬಿಡೂದಂತ.
ನಮ್ಮಲ್ಲೆ? ಬೇವು ಚಿಗರತೈತಿ,
ಬಾವಿ ಇಳೀತೈತಿ,
ಎರಡೂ ಒಂದಽ ಹೊತ್ತಿಗೆ.

ಹಾಳ್ಯಾಗ ಇಲ್ಲದ್ದು ನಾ ಹೇಳತೀನಿ.
ಭರಮಪ್ಪ, ನಮ್ಮ ಮುತ್ಯಾ, ಇಲ್ಲೇ ಮಾಳಿ ಇದ್ದ.
ಹದಿನಾರಕ್ಕ ಕೊಡ ಹೊತ್ತಾಂವ.
ನಾಲಗಿಗೆ ಸಿಗದ ಹೆಸರ ನಾಲಗಿಗೆ ಪಳಗಿಸಿದ:
ಡೇಲಿಯಾ ಡೇರಿ ಆತು,
ಪಿಟೂನಿಯಾ ಪಟ್ಟಣಿ ಆದ್ಲು,
ಫ್ಲಾಕ್ಸಂದ್ರ ಫಲಕಸಾ.
ಹೋಳಿಹುಣ್ಣಿವಿ ಮುಂದ ಅರಳಿತಂತ ಹಾಲಿಹಾಕಿಗೆ
ಹೋಳಿಹೂ ಅಂದ.
ಮೇಡಂ ನಕ್ಕರಂತ, ತಿದ್ದಲಿಲ್ಲಂತ.
ಒಂದು ಹೂವಿಗೆ ಮಾತ್ರ ಹೆಸರು ಕೂಡಲಿಲ್ಲ.
ನೀಲಿ, ಸಣ್ಣದು, ಮೂರು ದಿನ ಬದಕೂದು.
ಅದಕ್ಕ ‘ಅದು’ ಅಂತಿದ್ದ.
ಸಾಯೂ ಮುಂದೂ ಕೇಳಿದ:
ಅದು ಅರಳೇತೇನು?

ಫೋಟೋ ತಗೀರಿ, ತಗೀರಿ.
ಈ ಗುಲಾಬಿ ಅವತ್ತಿನ್ವು ಅಲ್ಲ,
ಹೋದ ವರ್ಷ ನರ್ಸರಿಯಿಂದ ತಂದಾರ, ಸುಳ್ಳು ಯಾಕ ಹೇಳಲಿ.
ಆದ್ರ ಮಡಿ ಅವಽ. ಓರೆ ಮಾಡಿ ಹುಗದ ಇಟ್ಟಂಗಿ,
ಮುದುಕನ ಹಲ್ಲಿನಂಗ ನಡುವ ಒಂದೆರಡು ಇಲ್ಲ.

ಅಷ್ಟರಾಗ ಲೈನು ತುಂಡಾತು.
ಅನಗೋಳದ ಚಂಪಾಬಾಯಿ ಕಿಲ್ಲೇದಾರ,
ಪೋಸ್ಟಿನಾಗ ಮೂವತ್ತೆರಡು ವರ್ಷ ಠಸ್ಸೆ ಒತ್ತಿದಾಕಿ,
ಗುಲಾಬಿ ಬುಡಕ್ಕ ಕುಂತಽಬಿಟ್ಟಳು.
“ಏನಾತ್ರಿ? ಬಿಸಲಿಗೆ ಚಕ್ಕರ್ ಬಂತೇನು?”
“ಏ ಇಲ್ಲವಾ, ಗೋಳಿಪಲ್ಲೆ!
ನೋಡಿಲ್ಲೆ, ಎಷ್ಟ ಎಳೇದೈತಿ!”
“ಬ್ಯಾಳಿ ಹಾಕಿದ್ರ…” ಅಂದ್ರು ಯಾರೋ.
“ಬಳ್ಳೊಳ್ಳಿ ವಗ್ಗರಣಿ,” ಮತ್ತ್ಯಾರೋ.
ಕ್ಯಾಮೆರಾ ಕೊಳ್ಳಾಗ ಜೋತು ಬಿದ್ದುವು.
ಹುದ್ದಾರ ಇಂಜಿನಿಯರು ಟೊಪಗಿ ತಗದು
ಬುಟ್ಟಿ ಮಾಡಿದ್ರು.
ಹದಿನಾಲ್ಕು ಬೆನ್ನು ಬಾಗಿದುವು.

ಏನೂ ಹರಿಯಬಾರದು ಅಂದಾಕಿ ನಾನಽ.
ಸುಮ್ಮನ ನಿಂತೆ.
ಇದಽ ಕಳೆ ತಗ್ಯಾಕ
ಮುತ್ಯಾಗ ತಿಂಗಳಿಗೆ ಒಂಬತ್ತು ರೂಪಾಯಿ.
ಗುಲಾಬಿ ಬುಡದಾಗ ಒಂದು ಕಡ್ಡಿ ಕಂಡ್ರ
ಎಂಟಾಣೆ ಕಡತ.
ಕಿತ್ತದ್ದು ಒಗೀತಿದ್ದಿಲ್ಲ ಅಂವ,
ಧೋತರದ ಚುಂಗಿನ್ಯಾಗ ಕಟಗೊಂಡು
ಹಿಂದಿನ ಗೇಟಿಲೆ ಮನಿಗೆ.
ಆಯಿ ಅಂತಿದ್ಲು: ವಿಲಾಯತಿ ತ್ವಾಟದ ಪಲ್ಲೆ ಉಂಡು
ಬೆಳದಾಂವ ನಿಮ್ಮಪ್ಪ.
ಈಗ ಇವರು
ನೂರೈವತ್ತು ಕೊಟ್ಟು ಕಳೆ ತಗ್ಯಾಕ ಹತ್ಯಾರ.

ವಾಚ್‌ಮನ್ ಓಡಿ ಬಂದ. “ಯಾರ್ರೀ ಇವರು?
ಕೆಲಸಕ್ಕ ಹಚ್ಚಿದಾವ್ರು ಯಾರು?”
“ಕೆಲಸ ಅಲ್ಲೋ, ತ್ವಾಟ ನೋಡಾಕ ಬಂದಾರ.”
ಅಂವ ನೋಡಿದ. ಮಡಿ ಸ್ವಚ್ಛ,
ಮಣ್ಣು ಸಡಲ.
“ಆ ಕಡೆ ಇನ್ನೂ ಎರಡು ಮಡಿ ಅದಾವ,”
ಅಂದ, ಮೆತ್ತಗ.

ಮೂರನೇ ತ್ವಾಟ ನೋಡೂದು ಆಗಲಿಲ್ಲ,
ಯಾರೂ ಕೇಳಲೂ ಇಲ್ಲ.
ಚಾ ಆರಿಹೋಗಿತ್ತು.
ಟೆಂಪೋ ಹತ್ತೂ ಮುಂದ ಚಂಪಾಬಾಯಿ
ನನ್ನ ಚೀಲದಾಗ ಒಂದು ಹಿಡಿ ತುರುಕಿದ್ಲು.

ಮನಿಗೆ ಬಂದು ಪಲ್ಲೆ ತೊಳದೆ.
ನಡುವ ಏನೋ ನೀಲಿ, ಸಣ್ಣದು,
ಹೂವಿನ ಎಸಳೋ ಬಿಸ್ಕಿಟಿನ ಹಾಳಿ ಚೂರೋ,
ನೋಡೂದರಾಗ ನೀರಿನ ಸಂಗಾಟ ಮೋರಿಗೆ ಹೋತು.
ಎರಡು ಸಾರಿ ತೊಳದೆ, ಮೂರು ಸಾರಿ.
ಬೇರಿನ ಮಣ್ಣು ಬಿಡಲಿಲ್ಲ.