ಗಾಳಿ ತೆಗೆಯುವುದು

ನಲವತ್ತು ದಾಟಿದರೆ ಗುಂಯ್ ಅನ್ನುತ್ತಿತ್ತು
ನನ್ನ ಹಳೇ ಟೂ-ನಾಟ್-ಸೆವೆನ್.
ಶಾಮಿಯಾನದ ಕಂಬ, ಇನ್ನೂರು ಕುರ್ಚಿ ಹೊತ್ತ ರಾತ್ರಿ
ರೇಡಿಯೋ ಜೋರು ಮಾಡಿ ಮುಚ್ಚುತ್ತಿದ್ದೆ.

ಕಲಾಸಿಪಾಳ್ಯದ ದಸ್ತಗೀರ್ ಸಾಬರಿಗೆ ಕಿವಿ ಕೇಳದು,
ಮೂವತ್ತು ವರ್ಷದ ಸುತ್ತಿಗೆ ತಿಂದುಹಾಕಿದೆ.
ಹಿಂಬದಿ ಜಾಕಿಗೇರಿಸಿ, ಗೇರಲ್ಲಿ ಚಕ್ರ ತಿರುಗಿಸಿ
ಸ್ಕ್ರೂಡ್ರೈವರಿನ ತುದಿ ಆಕ್ಸಲಿಗೆ,
ಹಿಡಿ ತಮ್ಮ ದವಡೆಗೆ.
ಕಣ್ಣು ಮುಚ್ಚಿದರು.
"ಎಡಗಡೆ. ಗುಂಡು ಒಂದು ಸೀಳಿದೆ."

ಡ್ರಮ್ಮು ಜಪ್ಪಯ್ಯ ಅಂದರೂ ಬರಲಿಲ್ಲ.
ಸೀಮೆಎಣ್ಣೆ, ಬೈಗುಳ, ಮತ್ತೆ ಸುತ್ತಿಗೆ.
ಬಂದಾಗ ಒಳಗೆಲ್ಲ ಕರಿ ಕೆಸರು:
ಸೀಲು ಸೋತು, ಲೈನರು ಆಯಿಲ್ ಕುಡಿದು ಕೂತಿತ್ತು.
ಇಷ್ಟು ದಿನ ನನ್ನನ್ನು ನಿಲ್ಲಿಸಿದ್ದು
ಎದುರಿಗೆ ಬಂದವರ ಪುಣ್ಯ.

ಜೆ.ಸಿ. ರಸ್ತೆಯಿಂದ ಹೊಸ ಬೇರಿಂಗು
ಅಂಗಿಯೊಳಗಿಟ್ಟು ತಂದೆ, ಧೂಳು ಸೋಕದಂತೆ.
ಅಂಗೈಯಲ್ಲಿ ಗ್ರೀಸು ಒತ್ತಿ ಒತ್ತಿ ತುಂಬಿದರು.

ಕೊನೆಗೆ ಗಾಳಿ ತೆಗೆಯುವುದು.
ನಾನು ಪೆಡಲ್ ಮೇಲೆ, ಅವರು ಗಾಡಿಯಡಿ.
ಕೂಗಿದರೆ ಕೇಳದಲ್ಲ,
ಅದಕ್ಕೇ ಸ್ಪ್ಯಾನರಿನ ಮಾತು:
ಚಾಸಿಗೆ ಒಂದು ಟಣ್ ಅಂದರೆ ತುಳಿ,
ಎರಡು ಅಂದರೆ ಹಿಡಿ.
ಹಿಡಿದಿದ್ದೇನೆ ಅನ್ನಲು ನಾನು ಬಾಗಿಲು ಗುದ್ದಿದೆ.
ಅಡಿಯಲ್ಲಿ ಅಂಗೈ ಊರಿ ಓದಿಕೊಂಡರು.
ಬಾಟಲಿಯಲ್ಲಿ ಗುಳ್ಳೆ, ಗುಳ್ಳೆ,
ಆಮೇಲೆ ಬರೀ ಎಣ್ಣೆ.

ಸಂಜೆ ಸಿರ್ಸಿ ಸರ್ಕಲ್ ಫ್ಲೈಓವರಿನ ಇಳಿಜಾರಲ್ಲಿ
ಪೆಡಲು ಕಾಲಿಗೆ ಎದುರುತ್ತರ ಕೊಟ್ಟಿತು.
ಗುಂಯ್ ಇಲ್ಲ.
ರೇಡಿಯೋಗೆ ಕೈ ಹೋಗಿ ವಾಪಸ್ ಬಂತು.
ಹಿಂದೆ ಡಾಲಾದ ಸರಪಳಿ
ಕಿಣಿಕಿಣಿ ಅನ್ನುತ್ತಿದೆ,
ಎಷ್ಟು ವರ್ಷದಿಂದಲೋ.