ನಾಲ್ಕು ಗೆರೆ

ಆ ಕಪ್ಪು ಟ್ಯೂನಿಕ್ಕು ನನ್ನದಾಗುವ ಮೊದಲೇ
ಇಬ್ಬರ ಬೆನ್ನು ಕಂಡಿತ್ತು.
ಚಿಕ್ಕಮ್ಮನ ಮಗಳು ಕೆನೆಯುವೆ; ಅವಳಿಗೂ ಮೊದಲು
ಯಾರೋ, ಹೆಸರು ಗೊತ್ತಿಲ್ಲ,
ಕುತ್ತಿಗೆಯ ಒಳಪಟ್ಟಿಗೆ ಕೆಂಪು ನೂಲಲ್ಲಿ
ಒಂದೇ ಅಕ್ಷರ ಹೊಲಿದು ಬಿಟ್ಟುಹೋದವಳು.
ಅಜ್ಜಿ ಅದನ್ನು ಬಿಚ್ಚಲಿಲ್ಲ. 'ಇರಲಿ ಬಿಡು,
ಬಟ್ಟೆಗೂ ಒಂದು ತವರು ಬೇಡವೇ?'

ಉದ್ದ ಒಂದು ಮೊಳ ಜಾಸ್ತಿ. ಅಂಚನ್ನು ಒಳಗೆ ಮಡಚಿ ಮಡಚಿ
ದೊಡ್ಡ ದೊಡ್ಡ ಹೊಲಿಗೆ ಹಾಕಿದಳು,
ಬೇಗ ಬಿಚ್ಚುವುದಕ್ಕೆಂದೇ.
ವರ್ಷಕ್ಕೊಮ್ಮೆ, ಪೀಚ್ ಹಣ್ಣು ಉದುರುವ ಹೊತ್ತಿಗೆ,
ಒಂದು ಮಡಿಕೆ ಇಳಿಯುತ್ತಿತ್ತು.
ಬಿಸಿಲು ಕಾಣದ ಪಟ್ಟಿ ಕಡುಕಪ್ಪು,
ಮೇಲಿನದೆಲ್ಲ ಒಲೆಬೂದಿ.
ಐದನೇ ಕ್ಲಾಸಿಗೆ ಬಂದಾಗ ನನ್ನ ಮೊಣಕಾಲ ಸುತ್ತ
ನಾಲ್ಕು ಗೆರೆ. ಯಾರು ಬೇಕಾದರೂ ಎಣಿಸಬಹುದಿತ್ತು.
ದಿನೇವೊ ಎಣಿಸಿದಳು,
ಗಟ್ಟಿಯಾಗಿ, ಪ್ರಾರ್ಥನೆಯ ಸಾಲಿನಲ್ಲಿ.

ಜರ್ಸಿ ಮಾತ್ರ ಹೊಸದು.
ಗಡಿಯಾಚೆಯ ಗಣಿಯಿಂದ ಅಪ್ಪ ಕಳಿಸಿದ ದುಡ್ಡು,
ಮೊಖೊಟ್ಲೊಂಗಿನ ಅಂಗಡಿಯಲ್ಲಿ ಅಜ್ಜಿ
ನೋಟು ಎರಡು ಸಲ ಎಣಿಸಿ, ಉಣ್ಣೆ ಮೂಸಿ ನೋಡಿ ತಂದದ್ದು.
ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ.
ಒಂದು ವಾರ ಅದಕ್ಕೆ ಅಂಗಡಿಯ ವಾಸನೆಯಿತ್ತು;
ಆಮೇಲೆ ನಮ್ಮೆಲ್ಲರ ಹಾಗೆ, ಬೆರಣಿ ಹೊಗೆ.

ಸೋಮವಾರ ತಪಾಸಣೆ. ಉಗುರು, ಕಿವಿಯ ಹಿಂದೆ,
ಕಾಲಿಗೆ ವ್ಯಾಸಲೀನು ಮಿರಮಿರ ಮಿಂಚಬೇಕು.
ಹಿಮ ಬಿದ್ದ ದಿನವೂ ಕಂಬಳಿ ಹೊದ್ದು
ಒಳಗೆ ಕೂರುವಂತಿಲ್ಲ.
ಹೊರಗೆ ಗೋಡೆಗೊರಗಿ ನಲವತ್ತು ಕಂಬಳಿ
ಚಳಿಗೆ ಸೆಟೆದು, ಎದೆಗೆ ಪಿನ್ನು ಚುಚ್ಚಿಕೊಂಡು,
ನಮ್ಮನ್ನು ಕಾಯುತ್ತಿದ್ದವು,
ಪಂಚಾಯ್ತಿಗೆ ಬಂದ ಹಿರಿಯರ ಹಾಗೆ.

ಅಣ್ಣನಿಗೆ ಕಂಬಳಿಯೊಂದೇ. ಹೆಸರು ಥೆಕೊ,
ನಮ್ಮ ಮಾತಿನಲ್ಲಿ ಹಾಗೆಂದರೆ ಬೆಲೆ.
ಗಂಡುಹುಡುಗರು ದನದ ಹಿಂದೆ, ಹೆಣ್ಣುಮಕ್ಕಳು ಶಾಲೆಗೆ,
ಮಾಲೋಟಿ ಬೆಟ್ಟದ ನಮ್ಮೂರಲ್ಲಿ ಹಾಗೇ ಇತ್ತು.
ಬೇರೆ ದೇಶಗಳಲ್ಲಿ ಇದು ತಿರುಗಾಮುರುಗಾ
ಎಂದು ಎಷ್ಟೋ ವರ್ಷದ ಮೇಲೆ ಓದಿ
ನಗಬೇಕೋ ಏನೋ ತಿಳಿಯಲಿಲ್ಲ.
ಶಾಲೆಯ ಮೇಲಿನ ದಿಬ್ಬದಲ್ಲಿ ಕೂರುತ್ತಿದ್ದ ಅವನು.
ಮಗ್ಗಿ ಹೇಳುತ್ತ ಕಿಟಕಿಯಿಂದ ಇಣುಕಿದರೆ
ನಾಯಿ ಕಾಣುತ್ತಿತ್ತು, ಕೋಲು ಕಾಣುತ್ತಿತ್ತು.

ಆಗಸ್ಟು, ನಮ್ಮ ಕಡೆ ಇನ್ನೂ ಚಳಿಯ ತಿಂಗಳು.
ದೊಡ್ಡಿಯ ಕಲ್ಲುಗೋಡೆ ಮೇಲೆ ಹರವಿದ್ದ ಜರ್ಸಿ
ತರಲು ಸಂಜೆ ಹೋದರೆ, ಇಲ್ಲ.
ಒಳಗೆ ದನಗಳ ನಡುವೆ ಥೆಕೊ.
ತೋಳು ಮೊಣಕೈ ದಾಟಿರಲಿಲ್ಲ,
ಹೊಕ್ಕುಳು ಕಾಣುತ್ತಿತ್ತು.
ಕೈ ಎರಡೂ ಪಕ್ಕಕ್ಕಿಳಿಸಿ, ನೆಟ್ಟಗೆ ನಿಂತು,
ಕಂದು ಹಸುವಿಗೆ ಹೇಳುತ್ತಿದ್ದ:
'ಇದ್ದೇನೆ, ಟೀಚರ್.'
ಹಸು ಮೆಲುಕು ಹಾಕಿತು.
ಇನ್ನೊಮ್ಮೆ, ಸ್ವಲ್ಪ ಜೋರಾಗಿ:
'ಇದ್ದೇನೆ.'

ಬಂದ ಹಾಗೇ ಹಿಂದೆ ಸರಿದೆ.
ಅಜ್ಜಿ ಕೇಳಿದ್ದಕ್ಕೆ, ಇನ್ನೂ ಒಣಗಿಲ್ಲ ಎಂದೆ.
ಮರುದಿನ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು.
ಮುಳ್ಳಿಗೆ ಸಿಕ್ಕಿತು ಎಂದೆ; ಎರಡೇಟು ಬಿತ್ತು.
ಬಾಗಿಲಲ್ಲಿ ನಿಂತಿದ್ದ ಅವನು
ತನ್ನ ಪಾಲಿನ ಗೆಣಸನ್ನು ನನ್ನ ತಟ್ಟೆಗೆ ಹಾಕಿ
ದನ ಹೊಡೆದುಕೊಂಡು ಹೋದ.

ಏಳನೆಯದು ಮುಗಿದಾಗ ಅಜ್ಜಿ ಜರ್ಸಿ ಬಿಚ್ಚಿದಳು.
ಕುರ್ಚಿಯ ಬೆನ್ನಿಗೆ ಸುತ್ತಿದರೂ ನೂಲು
ಸುರುಳಿ ಬಿಡಲಿಲ್ಲ, ಹಟಮಾರಿ.
ಅದೇ ನೂಲಿನ ಟೋಪಿ ಹಾಕಿಕೊಂಡು
ಥೆಕೊ ಗಣಿಯ ಬಸ್ಸು ಹತ್ತಿದ.

ಟ್ಯೂನಿಕ್ಕು ಮೇಲಿನೂರಿನ ಯಾರಿಗೋ ಹೋಯಿತು.
ಕೊಡುವ ಮುನ್ನ ಒಳಪಟ್ಟಿಯಲ್ಲಿ
ಆ ಕೆಂಪು ಅಕ್ಷರದ ಪಕ್ಕ, ವಕ್ರವಕ್ರವಾಗಿ,
ಇನ್ನೊಂದು ಹೊಲಿದೆ.
ನನ್ನದಲ್ಲ.