ನಡಾವಳಿ ಪುಸ್ತಕ

"ಒಂದೋ ಹಿಮ ಗುಡಿಸಬೇಕು, ಇಲ್ಲಾ ಬೊಂಬೆ ಕುಣಿಸಬೇಕು,"
ಅಂದ ಸದಸ್ಯ ಯುಲಿತಾಲೊ. ಬರೆದುಕೊಂಡೆ.
ಬೊಂಬೆಮನೆಗೆ ಕೊಡುವುದು
ಗುಡಿಸುವ ಗಾಡಿಯ ಒಂದು ಬೆಳಗಿನ ಡೀಸೆಲ್ಲು.
ಯಾರೂ ಕೇಳಲಿಲ್ಲ; ಕೇಳದ್ದು ನಡಾವಳಿಗೆ ಸೇರದು.

ಇರ್ಮೆಲಿ ಎದ್ದಳು, ನಮ್ಮ ಕಡೆಯವಳು:
"ಬೊಂಬೆಯಾಟ ಬಂದ ವರ್ಷ ಕೆಮಿ ದಂಡೆಯಲ್ಲಿ ಕಳವು ಇಳಿಯಿತು."
ಕಾಗೆ ಕೂತಿತು, ಕೊಂಬೆ ಮುರಿಯಿತು.
ಆ ವರ್ಷವೇ ಕಾಗದದ ಕಾರ್ಖಾನೆ ಮುಚ್ಚಿ
ಹುಡುಗರೆಲ್ಲ ದಕ್ಷಿಣಕ್ಕೆ ಹೋದರಲ್ಲ, ಇರ್ಮೆಲಿ,
ಕದಿಯಲು ಉಳಿದವರಾರು?

ಪೆನ್ನು ತಡೆಯಿತು.
ಆ ಮಾತಿಗೇ ಎರಡು ಕೈ ಹೆಚ್ಚು ಎದ್ದವು; ಗೆದ್ದೆವು.
ದುಂಡಗೆ ಬರೆದೆ,
ಕಾರ್ಖಾನೆಯ ಸುದ್ದಿ ಬಿಟ್ಟು.

ಹೊರಗೆ, ಮಧ್ಯಾಹ್ನ ಮೂರರ ಕತ್ತಲಲ್ಲಿ
ಯುಲಿತಾಲೊ ಕಾರಿನ ಗಾಜು ಕೆರೆಯುತ್ತಿದ್ದ.
"ಶನಿವಾರದ ಆಟ ಎಷ್ಟು ಹೊತ್ತಿಗೆ?" ಅಂದ, ತಲೆಯೆತ್ತದೆ.
"ಮೊಮ್ಮಗಳು ಕೇಳ್ತಾಳೆ."